ಸೀನಿಯರ್ ನ್ಯಾಷನಲ್ಸ್ ಅನ್ನು ಮುಂದಿನ ವರ್ಷಕ್ಕೆ ಹಾಕಬಹುದೇ? ಬೇಡ

ರಾಜ್ಯ ಮಹಿಳಾ ಹಾಕಿ ತಂಡದ ಸಂಭಾವ್ಯರ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಬಿ.ಕಾಂ. ಕೊನೆಯ ಸೆಮಿಸ್ಟರ್ ಹತ್ತಿರ ಬಂದಿದೆ. ಹಾಕಿ ಇಂಡಿಯಾ ಲೀಗ್ ಶುರುವಾದ ಮೇಲೆ ಸೀನಿಯರ್ ನ್ಯಾಷನಲ್ಸ್, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್, ಸರ್ಟಿಫಿಕೇಟ್‌ಗಷ್ಟೇ ಉಳಿದಿದೆಯಲ್ಲ, ಪದವಿ ಮುಗಿಸಿ ಮುಂದಿನ ವರ್ಷ ಹೋದರೆ ನಷ್ಟವೇನು ಎಂದು ಕೇಳಿದ್ದೀರಿ. ನಾನೂ ನಿಮ್ಮ ವಯಸ್ಸಿನಲ್ಲಿ ಇದೇ ಲೆಕ್ಕ ಹಾಕಿದ್ದೆ. ಅದರಿಂದ ಮೊದಲು ಒಂದು ನೌಕರಿ ಕೈತಪ್ಪಿತು, ಅದರ ಹಿಂದೆಯೇ ಆಟವೂ ಹೋಯಿತು.

ನಾನು ಪೊನ್ನಂಪೇಟೆಯ ಕ್ರೀಡಾ ವಸತಿನಿಲಯದಲ್ಲಿ ಆಟ ಕಲಿತವಳು. ತಂದೆ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ನಮ್ಮ ಮನೆಯಲ್ಲಿ ಮೊದಲ ಪದವೀಧರೆ ನಾನೇ ಆಗಬೇಕೆಂಬುದು ಅವರ ಆಸೆಯಾಗಿತ್ತು. ಪದವಿಯ ಮೊದಲ ವರ್ಷದಲ್ಲಿದ್ದಾಗ ರಾಜ್ಯದ ಸೀನಿಯರ್ ತಂಡಕ್ಕೆ ರೈಟ್ ಹಾಫ್ ಆಗಿ ಆಯ್ಕೆಯಾದೆ. ಆಗ ರೈಲ್ವೇಸ್ ತಂಡವೂ ರಾಜ್ಯ ತಂಡಗಳ ಜೊತೆಗೇ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡುತ್ತಿತ್ತು. ಭಾರತ ತಂಡದ ಹಲವು ಆಟಗಾರ್ತಿಯರು ಅದರಲ್ಲಿರುತ್ತಿದ್ದುದರಿಂದ, ಡ್ರಾ ಪ್ರಕಟವಾದೊಡನೆ ಎಲ್ಲ ರಾಜ್ಯದವರೂ ಮೊದಲು ನೋಡುತ್ತಿದ್ದುದು ರೈಲ್ವೇಸ್ ಯಾವ ಗುಂಪಿನಲ್ಲಿದೆ ಎಂಬುದನ್ನೇ.

ನಮಗೆ ಅವರೇ ಎದುರಾದರು. ಅವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿದಾಗಲೆಲ್ಲ ಗೋಲಿನ ಗೆರೆಯಿಂದ ಮೊದಲು ಓಡಬೇಕಾದವಳು ನಾನು. ಗೋಲ್‌ಕೀಪರ್ ಸೇರಿ ಐವರು ಗೆರೆಯ ಹಿಂದೆ ನಿಂತಿರುತ್ತೇವೆ. ಚೆಂಡು ತಳ್ಳುವವಳ ಸ್ಟಿಕ್ ಅಲುಗಿದೊಡನೆ ಹೊರಟು, ಗೋಲಿನ ಮುಂದಿನ ಅರ್ಧವೃತ್ತದ, ಅಂದರೆ ಡಿ ಹೊರಗೆ ಚೆಂಡು ನಿಂತು ಒಳಗೆ ಬರುವಷ್ಟರಲ್ಲಿ ಹೊಡೆಯುವವಳ ಎದುರಿಗೆ ಸ್ಟಿಕ್ ಅನ್ನು ನೆಲಕ್ಕೆ ತಾಗಿಸಿ ತಲುಪಿರಬೇಕು. ನೀರು ಹಾಯಿಸಿದ ಟರ್ಫ್ ಮೇಲೆ ಜೋರಾಗಿ ಹೊಡೆದ ಚೆಂಡು ಹನಿಗಳನ್ನು ಎಬ್ಬಿಸಿಕೊಂಡು ಬರುತ್ತದೆ. ಚೆಂಡಿಗಿಂತ ಮೊದಲು ಕಣ್ಣಿಗೆ ಬೀಳುವುದು ಆ ಹನಿಗಳೇ. ನಮ್ಮ ಮುಖಕ್ಕೆ ಮಾಸ್ಕ್ ಇರಲಿಲ್ಲ. ಮೊಣಕಾಲ ಮೇಲೆ ಒಂದು ಏಟು ಬಿತ್ತು, ಆದರೂ ಮುಂದಿನ ಕಾರ್ನರ್‌ಗೆ ಓಡಿದೆ. ಪಂದ್ಯ ಸೋತೆವು. ಸಂಜೆ ಕೇಂದ್ರ ಸರ್ಕಾರದ ಒಂದು ಇಲಾಖೆಯ ತಂಡದ ಕೋಚ್ ನಮ್ಮ ಮ್ಯಾನೇಜರ್ ಬಳಿಗೆ ಬಂದು, ಕ್ರೀಡಾ ಕೋಟಾದಲ್ಲಿ ಅರ್ಜಿ ಕರೆದಾಗ ಈ ಹುಡುಗಿಯಿಂದ ಹಾಕಿಸಿ ಎಂದು ಹೇಳಿಹೋದರು.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಮರುವರ್ಷ ಶಿಬಿರಕ್ಕೆ ಕರೆ ಬಂದಾಗ, ಸೆಮಿಸ್ಟರ್ ಪರೀಕ್ಷೆ ಇದೆ, ಈ ಬಾರಿ ಬರಲಾಗದು ಎಂದು ಪತ್ರ ಬರೆದೆ. ಅದರ ಮುಂದಿನ ವರ್ಷವೂ ಹಾಗೆಯೇ ಮಾಡಿದೆ. ಒಮ್ಮೆ ರಾಜ್ಯಕ್ಕೆ ಆಡಿದ ಸರ್ಟಿಫಿಕೇಟ್ ಕೈಯಲ್ಲಿದೆ, ಅದು ಬ್ಯಾಂಕಿನ ಠೇವಣಿಯಂತೆ ಬೇಕೆಂದಾಗ ತೆಗೆದುಕೊಳ್ಳುವಂಥದ್ದು ಎಂದು ನಾನು ನಂಬಿದ್ದೆ. ಪದವಿ ಮುಗಿದು ಅಧಿಸೂಚನೆ ಬಂದಾಗ ಅರ್ಜಿ ಹಾಕಿದೆ. ದಾಖಲೆ ಪರಿಶೀಲನೆಯ ಮೇಜಿನ ಆಚೆಗಿದ್ದವರು ನನ್ನ ಸರ್ಟಿಫಿಕೇಟ್ ತಿರುವಿ, ಟೂರ್ನಿ ಮುಗಿದ ದಿನಾಂಕದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ನನ್ನ ಕಡೆಗೆ ತಿರುಗಿಸಿದರು. ಚಾಲ್ತಿ ಆರ್ಥಿಕ ವರ್ಷ ಮತ್ತು ಅದರ ಹಿಂದಿನ ಎರಡು ಆರ್ಥಿಕ ವರ್ಷಗಳ ಸಾಧನೆಗೆ ಮಾತ್ರ ಮಾನ್ಯತೆ ಎಂದು ಅಧಿಸೂಚನೆಯಲ್ಲೇ ಅಚ್ಚಾಗಿತ್ತು. ನಾನು ಅದನ್ನು ಓದಿದ್ದೆ; ಓದಿಯೂ ಅದು ನನಗೆ ಅನ್ವಯಿಸುವುದಿಲ್ಲ, ರಾಜ್ಯ ತಂಡಕ್ಕೆ ಆಡಿದವಳನ್ನು ಒಂದು ದಿನಾಂಕಕ್ಕಾಗಿ ಯಾರು ತಾನೇ ಕಳುಹಿಸುತ್ತಾರೆ ಎಂದುಕೊಂಡಿದ್ದೆ.

ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿಯಲ್ಲಿ ಈಗಲೂ ಇದೇ ಲೆಕ್ಕ, ಮತ್ತು ಇದನ್ನು ನೀವು ತಪ್ಪಾಗಿ ತಿಳಿಯದಿರಲೆಂದು ಇನ್ನೂ ಬಿಡಿಸಿ ಹೇಳುತ್ತೇನೆ. ಎಣಿಸುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷವನ್ನು, ಕ್ಯಾಲೆಂಡರ್ ವರ್ಷವನ್ನಲ್ಲ. ಪರಿಗಣಿಸುವುದು ಟೂರ್ನಿ ಮುಗಿದ ದಿನವನ್ನು. ಸರ್ಟಿಫಿಕೇಟ್ ನಿಮ್ಮ ಕೈಗೆ ಯಾವಾಗ ಬಂತೆಂಬುದು ಲೆಕ್ಕಕ್ಕಿಲ್ಲ. 2025-26ರಲ್ಲಿ ಅರ್ಜಿ ಕರೆದರೆ 2023ರ ಏಪ್ರಿಲ್ 1ರಿಂದ ಈಚೆಗಿನ ಟೂರ್ನಿಗಳಷ್ಟೇ ಒಳಗೆ ಬರುತ್ತವೆ. 2023ರ ಫೆಬ್ರುವರಿಯಲ್ಲಿ ಕಾಕಿನಾಡದಲ್ಲಿ ಮಹಾರಾಷ್ಟ್ರವನ್ನು 5-1ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ಮಧ್ಯಪ್ರದೇಶ ತಂಡದ ಹುಡುಗಿಯೂ ಆ ಅರ್ಜಿಗೆ ಆ ಚಿನ್ನವನ್ನು ತೋರಿಸುವಂತಿಲ್ಲ. 2024ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಗೆದ್ದ ಹರಿಯಾಣದವರು ತೋರಿಸಬಹುದು. ಚಾಂಪಿಯನ್ನರ ಗತಿಯೇ ಹೀಗಿರುವಾಗ, ಪದವಿಯ ಮೊದಲ ವರ್ಷದಲ್ಲಿ ಒಮ್ಮೆ ಆಡಿ ಉಳಿದ ವರ್ಷಗಳನ್ನು ಬಿಟ್ಟುಕೊಟ್ಟವಳ ಗತಿಯನ್ನು ಹೇಳಬೇಕಾಗಿಲ್ಲ. ಸಂಬಳ ಕೊಟ್ಟು ಆಡಿಸುವ ತಂಡವಿಲ್ಲದೆ, ಮನೆಗೆ ದುಡಿಯಬೇಕಾದ ವಯಸ್ಸಿನಲ್ಲಿ, ಹುಡುಗಿಯೊಬ್ಬಳು ಹಾಕಿಯಲ್ಲಿ ಉಳಿಯುವುದು ಬಹಳ ಕಷ್ಟ. ನನ್ನಿಂದ ಆಗಲಿಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ಪ್ರಶ್ನೆಯ ಇನ್ನೊಂದು ಮಾತನ್ನು ನಾನು ಒಪ್ಪುವುದಿಲ್ಲ. ಈ ಚಾಂಪಿಯನ್‌ಷಿಪ್ ಸರ್ಟಿಫಿಕೇಟ್‌ಗಷ್ಟೇ ಉಳಿದಿದೆ ಎಂದಿದ್ದೀರಿ. ಮಹಿಳಾ ಹಾಕಿ ಇಂಡಿಯಾ ಲೀಗ್‌ನ ಮೊದಲ ಆವೃತ್ತಿ 2025ರ ಜನವರಿಯಲ್ಲಿ ರಾಂಚಿಯಲ್ಲಿ ನಡೆಯಿತು, ಒಡಿಶಾ ವಾರಿಯರ್ಸ್ ಗೆದ್ದಿತು; ಅಲ್ಲಿ ಆಡಿದ್ದು ನಾಲ್ಕೇ ತಂಡಗಳು, ಅವುಗಳಲ್ಲಿ ವಿದೇಶಿ ಆಟಗಾರ್ತಿಯರೂ ಇದ್ದರು. ಇನ್ನೂ ಯಾರ ಕಣ್ಣಿಗೂ ಬೀಳದ ನಿಮ್ಮಂಥವರಿಗೆ ಆ ಬಾಗಿಲು ನೇರವಾಗಿ ತೆರೆಯುವುದಿಲ್ಲ. ಯಾವ ಇಲಾಖೆಗೂ ಸೇರದ ಹುಡುಗಿಯನ್ನು ಆಕೆಯ ರಾಜ್ಯದ ಹೆಸರಿನಲ್ಲಿ ದೇಶದ ಮುಂದೆ ನಿಲ್ಲಿಸುವ ಸೀನಿಯರ್ ಟೂರ್ನಿಗಳಲ್ಲಿ ಮುಖ್ಯವಾದುದು ಇದೇ.

ಅದರಲ್ಲೂ ನಮ್ಮ ರಾಜ್ಯದವರು ಈ ಟೂರ್ನಿಯನ್ನು ಹಗುರವಾಗಿ ಕಾಣಬಾರದು. ಅಖಿಲ ಭಾರತ ಮಟ್ಟದ ಮಹಿಳಾ ಹಾಕಿ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ರಾಷ್ಟ್ರೀಯ ಚಾಂಪಿಯನ್ನರಿಗೆ ಕೊಡುತ್ತಿದ್ದುದು ಲೇಡಿ ರತನ್ ಟಾಟಾ ಟ್ರೋಫಿಯನ್ನು, ಅಂದರೆ ಸರ್ ರತನ್ ಟಾಟಾ ಅವರ ಪತ್ನಿ ನವಾಜ್‌ಬಾಯಿ ಅವರ ಹೆಸರಿನ ಟ್ರೋಫಿಯನ್ನು. 1953ರಲ್ಲೇ ನಮ್ಮ ಹೆಣ್ಣುಮಕ್ಕಳು ಇಂಗ್ಲೆಂಡಿನ ಫೋಕ್‌ಸ್ಟೋನ್‌ಗೆ ಹೋಗಿ ಅಂತರರಾಷ್ಟ್ರೀಯ ಟೂರ್ನಿ ಆಡಿ ಬಂದಿದ್ದರು. ಮಹಿಳೆಯರ ಹಾಕಿ ಒಲಿಂಪಿಕ್ಸ್‌ಗೆ ಸೇರಲು 1980ರ ಮಾಸ್ಕೋವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಭಾರತದ ಆಟಗಾರ್ತಿಗೆ ವರ್ಷವಿಡೀ ಎದುರುನೋಡುವ ದೊಡ್ಡ ವೇದಿಕೆ ಎಂದರೆ ಈ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ ಆಗಿತ್ತು.

ಆ ವೇದಿಕೆಯನ್ನು 1960ರಿಂದ 1967ರವರೆಗೆ ಆಳಿದ್ದು ಮೈಸೂರು ರಾಜ್ಯ ತಂಡ. ಎಲ್ವೆರಾ ಬ್ರಿಟ್ಟೊ ಅವರ ನಾಯಕತ್ವದಲ್ಲಿ ಆ ಅವಧಿಯಲ್ಲಿ ಏಳು ರಾಷ್ಟ್ರೀಯ ಪ್ರಶಸ್ತಿಗಳು ಬಂದವು. ಬೆಂಗಳೂರಿನ ಕುಕ್ ಟೌನ್‌ನ ಬ್ರಿಟ್ಟೊ ಮನೆಯಿಂದ ಎಲ್ವೆರಾ, ರೀಟಾ, ಮೇ ಎಂಬ ಮೂವರು ಸಹೋದರಿಯರು ರಾಜ್ಯಕ್ಕೆ ಆಡಿದರು. 1965ರಲ್ಲಿ ಎಲ್ವೆರಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆನ್ ಲಮ್ಸ್‌ಡೆನ್ ಅವರ ನಂತರ ಅದನ್ನು ಪಡೆದ ಎರಡನೆಯ ಹಾಕಿ ಆಟಗಾರ್ತಿ ಅವರು. 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು. ರಾಜ್ಯದ ಪ್ರತಿಯೊಂದು ಹಾಕಿ ವಸತಿನಿಲಯದಲ್ಲೂ ಅವರ ಚಿತ್ರವೊಂದು ಇರಬೇಕೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅವರು ನಿಧನರಾದ ಮರುತಿಂಗಳೇ, ಮೇ ತಿಂಗಳಿನಲ್ಲಿ, ಭೋಪಾಲ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕರ್ನಾಟಕದ ಹುಡುಗಿಯರು ಫೈನಲ್ ತಲುಪಿದರು. ಒಡಿಶಾ 2-0ಯಿಂದ ಗೆದ್ದಿತು. ಆ ಸುದ್ದಿ ಓದಿದ ದಿನ ನನಗೆ ಆದ ಸಂತೋಷಕ್ಕೆ ಸೋಲು ಅಡ್ಡ ಬರಲಿಲ್ಲ.

2009ರಲ್ಲಿ ಹಾಕಿ ಇಂಡಿಯಾ ಸಂಸ್ಥೆ ಬಂದ ಮೇಲೆ ಪುರುಷರ ಮತ್ತು ಮಹಿಳೆಯರ ಆಟ ಒಂದೇ ಆಡಳಿತಕ್ಕೆ ಬಂತು. ಈಗ ಇಲಾಖೆಗಳಿಗೆ ಬೇರೆಯೇ ರಾಷ್ಟ್ರೀಯ ಟೂರ್ನಿ ಇರುವುದರಿಂದ ನಾನು ಎದುರಿಸಿದ ರೈಲ್ವೇಸ್ ನಿಮಗೆ ಎದುರಾಗುವುದಿಲ್ಲ. ಇದರಿಂದ ರಾಜ್ಯಗಳಿಗೆ ದಾರಿ ಸುಗಮವಾಗಿದೆ ಎಂದು ಸಂತೋಷಪಡುವವರಿದ್ದಾರೆ; ಅತ್ಯುತ್ತಮರ ವಿರುದ್ಧ ಆಡುವ ಅವಕಾಶ ತಪ್ಪಿತಲ್ಲ ಎಂಬ ಬೇಸರವೇ ನನಗೆ ಹೆಚ್ಚು. 2025ರಲ್ಲಿ ಜಾರ್ಖಂಡ್ ಗೆದ್ದ ಪಂಚಕುಲಾ ಟೂರ್ನಿಯಿಂದ ತಂಡಗಳನ್ನು ಎ, ಬಿ, ಸಿ ಎಂಬ ಮೂರು ಡಿವಿಷನ್‌ಗಳಾಗಿ ವಿಂಗಡಿಸಿದ್ದಾರೆ. ಕೆಳಗಿನವರು ಮೇಲೇರಬಹುದು, ಮೇಲಿನವರು ಕೆಳಗಿಳಿಯಬಹುದು. ಒಳ್ಳೆಯ ಆಟಗಾರ್ತಿಯರು ಪರೀಕ್ಷೆಯ ನೆಪದಲ್ಲಿ ಒಂದು ವರ್ಷ ಮನೆಯಲ್ಲಿ ಕುಳಿತರೆ ಅದರ ಬೆಲೆಯನ್ನು ಮರುವರ್ಷ ಇಡೀ ತಂಡ ತೆರಬೇಕಾಗುತ್ತದೆ.

ಆದ್ದರಿಂದ ಶಿಬಿರಕ್ಕೆ ಹೋಗಿ. ಇವತ್ತೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಂಡು, ಸಂಭಾವ್ಯರ ಪಟ್ಟಿಯ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಹಾಜರಾತಿಯ ಬಗ್ಗೆ ಮನವಿ ಕೊಡಿ. ದಿನಾಂಕಗಳು ನಿಜಕ್ಕೂ ಒಂದರ ಮೇಲೊಂದು ಬಿದ್ದರೆ, ಬಿಟ್ಟುಹೋದ ಪತ್ರಿಕೆಯನ್ನು ಮುಂದಿನ ಬಾರಿ ಬರೆಯಬಹುದು. ಆಡದೆ ಬಿಟ್ಟ ನ್ಯಾಷನಲ್ಸ್‌ಗೆ ಮರುಪರೀಕ್ಷೆ ಇಲ್ಲ. ತಂಡಕ್ಕೆ ಆಯ್ಕೆಯಾದರೆ, ನೋಂದಣಿಯಲ್ಲಿ ನಿಮ್ಮ ಹೆಸರು, ಇನಿಷಿಯಲ್, ಜನ್ಮದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಇವೆಯೇ ಎಂದು ನೀವೇ ನೋಡಿಕೊಳ್ಳಿ. ಟೂರ್ನಿ ಮುಗಿದ ಮೇಲೆ ಸರ್ಟಿಫಿಕೇಟ್ ಜೊತೆಗೆ, ಕೇಂದ್ರ ಸರ್ಕಾರದ ಹುದ್ದೆಗಳಿಗೆ ಕೇಳುವ, ರಾಷ್ಟ್ರೀಯ ಟೂರ್ನಿಯಲ್ಲಿ ರಾಜ್ಯಕ್ಕೆ ಆಡಿದ್ದನ್ನು ದೃಢೀಕರಿಸುವ ಫಾರ್ಮ್-2ಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯವರ ಸಹಿ ಹಾಕಿಸಿಕೊಳ್ಳಿ. ತಂಡ ಎಷ್ಟನೆಯ ಸ್ಥಾನ ಪಡೆಯಿತೆಂಬುದು ಅದರಲ್ಲಿ ನಮೂದಾಗಿರಲಿ. ಆ ವರ್ಷವೇ ಬರುವ ಅಧಿಸೂಚನೆಗಳಿಗೆ ಅರ್ಜಿ ಹಾಕಲು ಶುರುಮಾಡಿ, ಪದವಿಯ ಫಲಿತಾಂಶಕ್ಕೆ ಕಾಯಬೇಡಿ. ಕ್ರೀಡಾ ಕೋಟಾದ ಹಲವು ಹುದ್ದೆಗಳಿಗೆ ನಿಮ್ಮ ಪಿಯುಸಿ ಸಾಕಾಗುತ್ತದೆ.