ಅಲ್ಯೂಮಿನಿಯಂ ಜಾಸ್ತಿ ಕ್ರಿಯಾಶೀಲ ಅಂತ ಪುಸ್ತಕದಲ್ಲಿದೆ, ಆದರೆ ತುಕ್ಕು ಹಿಡಿಯುವುದು ಕಬ್ಬಿಣಕ್ಕೇ. ಯಾಕೆ?

ಮೊದಲು ನಿಮ್ಮ ಪ್ರಶ್ನೆಯನ್ನು ನನ್ನ ಮಾತಲ್ಲಿ ಹೇಳಿಬಿಡುತ್ತೇನೆ. ಮುಂಬೈ ಹತ್ತಿರದ ಮೀರಾ ರೋಡ್‌ನಲ್ಲಿ ಮನೆ. ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್, ಅದರ ಹೊರಗೆ ಕಬ್ಬಿಣದ ಗ್ರಿಲ್. ಎರಡಕ್ಕೂ ಅದೇ ಮಳೆ, ಅದೇ ಸಮುದ್ರದ ಗಾಳಿ. ಗ್ರಿಲ್ ಕೆಂಪಾಗಿ ಉದುರುತ್ತಿದೆ, ಸ್ಲೈಡಿಂಗ್ ಹಾಗೇ ಇದೆ. ಫೋಟೋನೂ ಹಾಕಿದ್ದೀರಿ. ಆದರೆ ಹತ್ತನೇ ಕ್ಲಾಸಿನ ಮಗಳ ಪುಸ್ತಕದಲ್ಲಿ ಲೋಹಗಳ ಕ್ರಿಯಾಶೀಲತೆಯ ಪಟ್ಟಿ ನೋಡಿದರೆ ಅಲ್ಯೂಮಿನಿಯಂ ಮೇಲೆ, ಕಬ್ಬಿಣ ಕೆಳಗೆ. ಹಾಗಾದರೆ ಪುಸ್ತಕ ತಪ್ಪಾ, ಈ ಪೀರಿಯಾಡಿಕ್ ಟೇಬಲ್ ಎಲ್ಲ ಸುಮ್ನೆ ಗಿಳಿಪಾಠಕ್ಕೆ ಮಾತ್ರವಾ ಅಂತ ಅವಳು ಕೇಳಿದ್ದಾಳೆ.

ಪುಸ್ತಕ ಸರಿಯಾಗಿದೆ. ನಿಮ್ಮ ಕಣ್ಣೂ ಸರಿಯಾಗಿಯೇ ನೋಡಿದೆ. ಅಲ್ಯೂಮಿನಿಯಂ ಆಕ್ಸಿಜನ್ ಜೊತೆ ಕಬ್ಬಿಣಕ್ಕಿಂತ ಬೇಗ, ಕಬ್ಬಿಣಕ್ಕಿಂತ ಜೋರಾಗಿ ಸೇರುತ್ತದೆ. ಎಷ್ಟು ಬೇಗ ಅಂದರೆ ನಿಮ್ಮ ಕಿಟಕಿಯ ಮೇಲೆ ಆ ಕೆಲಸ ಯಾವತ್ತೋ ಮುಗಿದಿದೆ. ಮುಗಿದು, ಅಲ್ಲಿಗೇ ನಿಂತಿದೆ. ಕಬ್ಬಿಣದ ಕೆಲಸ ಮಾತ್ರ ಮುಗಿಯುವುದೇ ಇಲ್ಲ.

ನಾನು ವಸಾಯಿ ಕಡೆ ಒಂದು ಆನೊಡೈಜಿಂಗ್ ವರ್ಕ್‌ಶಾಪ್‌ನಲ್ಲಿದ್ದೇನೆ, ಅಲ್ಯೂಮಿನಿಯಂ ಸೆಕ್ಷನ್‌ಗಳನ್ನು ಆಸಿಡ್ ತೊಟ್ಟಿಯಲ್ಲಿ ಇಳಿಸಿ ಕರೆಂಟ್ ಕೊಡುವ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಅಲ್ಯೂಮಿನಿಯಂ ನಿಜಕ್ಕೂ ಎಷ್ಟು ಜೋರು ಅನ್ನುವುದನ್ನು ನೋಡಬೇಕಾದರೆ ರೈಲ್ವೆ ಹಳಿಯ ಹತ್ತಿರ ಹೋಗಬೇಕು. ರಾತ್ರಿ ಕೊನೆಯ ಲೋಕಲ್ ಹೋದ ಮೇಲೆ ಹಳಿ ಜೋಡಿಸುವ ಕೆಲಸ ನಡೆಯುವುದನ್ನು ನಾನು ಬ್ರಿಜ್ ಮೇಲಿಂದ ನೋಡಿದ್ದೇನೆ. ಎರಡು ಹಳಿಗಳ ತುದಿ ಹತ್ತಿರ ತಂದು, ಸುತ್ತ ಅಚ್ಚು ಕಟ್ಟಿ, ಗ್ಯಾಸ್ ಬೆಂಕಿಯಲ್ಲಿ ತುದಿಗಳನ್ನು ಚೆನ್ನಾಗಿ ಕಾಯಿಸುತ್ತಾರೆ. ಮೇಲೆ ಒಂದು ಮೂಸೆ. ಅದರೊಳಗೆ ಮುಖ್ಯವಾಗಿ ಎರಡೇ ಪುಡಿ: ಕಬ್ಬಿಣದ ಆಕ್ಸೈಡ್, ಅಂದರೆ ಹೆಚ್ಚುಕಡಿಮೆ ತುಕ್ಕೇ, ಮತ್ತು ಅಲ್ಯೂಮಿನಿಯಂ. ಕಿಡಿ ಹೊತ್ತಿಸಿದರೆ ಕೆಲವೇ ಸೆಕೆಂಡಿನಲ್ಲಿ ಕಣ್ಣು ಕುಕ್ಕುವ ಬಿಳಿ ಬೆಳಕು, ಬಿಸಿ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಕೈಯಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಬರಿಗೈಯಾದ ಕಬ್ಬಿಣ ನೀರಾಗಿ ಕರಗಿ ಅಚ್ಚಿನೊಳಗೆ ಇಳಿದು ಎರಡೂ ಹಳಿಯನ್ನು ಬೆಸೆಯುತ್ತದೆ. ಹಗುರವಾದ ಅಲ್ಯೂಮಿನಿಯಂ ಆಕ್ಸೈಡ್ ಕಿಟ್ಟವಾಗಿ ಮೇಲೆ ತೇಲುತ್ತದೆ. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1895ರಲ್ಲಿ ಇದಕ್ಕೆ ಪೇಟೆಂಟ್ ತೆಗೆದುಕೊಂಡ. ನಾವು ದಿನಾ ಓಡಾಡುವ ಹಳಿಗಳಲ್ಲಿ ಇವತ್ತಿಗೂ ಇಂಥ ಬೆಸುಗೆ ಇದೆ.

ಲೆಕ್ಕದಲ್ಲಿ ಹೇಳುವುದಾದರೆ, 48 ಗ್ರಾಂ ಆಕ್ಸಿಜನ್ ಅಲ್ಯೂಮಿನಿಯಂ ಜೊತೆ ಸೇರಿದರೆ ಸುಮಾರು 1676 ಕಿಲೋಜೂಲ್ ಶಾಖ ಹೊರಗೆ ಬರುತ್ತದೆ. ಅಷ್ಟೇ ಆಕ್ಸಿಜನ್ ಕಬ್ಬಿಣದ ಜೊತೆ ಸೇರಿದರೆ ಸುಮಾರು 824. ಹೆಚ್ಚುಕಡಿಮೆ ಅರ್ಧ. ಉಳಿದ 850 ಚಿಲ್ಲರೆಯೇ ಆ ಬಿಳಿ ಬೆಳಕು, ಆ ಬಿಸಿ.

ಇದಕ್ಕೂ ಪೀರಿಯಾಡಿಕ್ ಟೇಬಲ್‌ಗೂ ಏನು ಸಂಬಂಧ? ಮಗಳಿಗೆ ಟೇಬಲ್ ಬಿಡಿಸಿ 13ನೇ ಮನೆ ನೋಡಲು ಹೇಳಿ. 13 ಅಂದರೆ ಅಲ್ಯೂಮಿನಿಯಂ ಪರಮಾಣುವಿನ ನಡುವೆ 13 ಪ್ರೋಟಾನ್, ಸುತ್ತ 13 ಎಲೆಕ್ಟ್ರಾನ್. ಒಳಗಿನ ಸುತ್ತಿನಲ್ಲಿ 2, ಆಮೇಲೆ 8, ಕೊನೆಗೆ ಹೊರಗೆ 3. ಒಳಗಿನ ಹತ್ತು ಎಲೆಕ್ಟ್ರಾನ್‌ಗಳು ಗಟ್ಟಿಯಾಗಿ ಕೂತಿವೆ, ಸಾಮಾನ್ಯ ಕ್ರಿಯೆಯಲ್ಲಿ ಅವು ಅಲುಗುವುದಿಲ್ಲ. ಹೊರಗಿನ ಮೂರು ಮಾತ್ರ ಕೊಡು-ತೊಗೊಳ್ಳುವ ವ್ಯವಹಾರಕ್ಕೆ ಬರುತ್ತವೆ. ಈಗ 8ನೇ ಮನೆ, ಆಕ್ಸಿಜನ್. ಒಳಗೆ 2, ಹೊರಗೆ 6. ಎಂಟು ತುಂಬಲು ಎರಡು ಕಡಿಮೆ. ಒಂದು ಕಡೆ ಮೂರು ಕೊಡುವವನು, ಇನ್ನೊಂದು ಕಡೆ ಎರಡು ತೆಗೆದುಕೊಳ್ಳುವವನು. ಲೆಕ್ಕ ಸರಿಹೋಗಬೇಕಾದರೆ ಎರಡು ಅಲ್ಯೂಮಿನಿಯಂ ಆರು ಕೊಡಬೇಕು, ಮೂರು ಆಕ್ಸಿಜನ್ ಆರು ತೆಗೆದುಕೊಳ್ಳಬೇಕು. ಎರಡಕ್ಕೆ ಮೂರು. ಅವಳ ಪುಸ್ತಕದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಸೂತ್ರದಲ್ಲಿ ಕೆಳಗೆ ಬರೆದಿರುವ ಸಣ್ಣ 2, ಸಣ್ಣ 3 ಇದೇ. ಬಾಯಿಪಾಠ ಬೇಕಾಗಿಲ್ಲ ಅಲ್ವಾ?

ಟೇಬಲ್ ಓದುವುದು ಹೀಗೆ, ಮೇಲಿಂದ ಕೆಳಕ್ಕೆ. ಒಂದೇ ಸಾಲಲ್ಲಿ ಕೆಳಗೆ ಇಳಿದರೆ ಹೊರಗಿನ ಎಲೆಕ್ಟ್ರಾನ್‌ಗಳ ಸಂಖ್ಯೆ ಒಂದೇ, ಹಾಗಾಗಿ ಗುಣವೂ ಒಂದೇ ಕುಟುಂಬದ್ದು. ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1869ರಲ್ಲಿ ಟೇಬಲ್ ಮಾಡಿದಾಗ ಎಲೆಕ್ಟ್ರಾನ್ ಅಂತ ಒಂದು ಇದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಬರೀ ತೂಕ ಮತ್ತು ಗುಣ ನೋಡಿ ಜೋಡಿಸಿದ. ಅಲ್ಯೂಮಿನಿಯಂ ಕೆಳಗೆ ಒಂದು ಮನೆ ಖಾಲಿ ಬಿಟ್ಟು, ಇಲ್ಲಿ ಬರುವ ಲೋಹದ ಸಾಂದ್ರತೆ 5.9ರ ಆಸುಪಾಸು ಇರಬೇಕು ಅಂದ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬುವಾಬೊದ್ರಾನ್ ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಅಂತ ಅಳೆದ. ಮೆಂಡಲೀವ್ ಇನ್ನೊಮ್ಮೆ ಅಳೆದು ನೋಡಿ ಅಂತ ಬರೆದ. ಆ ಲೋಹವನ್ನು ಕಣ್ಣಲ್ಲೂ ಕಾಣದ ಮನುಷ್ಯ, ಕೈಯಲ್ಲಿ ಹಿಡಿದವನಿಗೆ! ಶುದ್ಧ ಮಾಡಿ ಮತ್ತೆ ಅಳೆದರೆ 5.9 ಬಂತು. ಕೋಚಿಂಗ್‌ನಲ್ಲಿ ಮಕ್ಕಳಿಗೆ ಟೇಬಲ್ಲನ್ನು ಹಾಡು ಕಟ್ಟಿ ಉರು ಹೊಡೆಸುತ್ತಾರೆ, ಈ ಕಥೆ ಮಾತ್ರ ಹೇಳುವುದಿಲ್ಲ. ನನಗೆ ಅದೇ ಬೇಜಾರು.

ಕಬ್ಬಿಣ 26ನೇ ಮನೆ, ಟೇಬಲ್‌ನ ಮಧ್ಯದ ಗುಂಪು. ಅಲ್ಲಿ ಲೆಕ್ಕ ಇಷ್ಟು ಸುಲಭ ಇಲ್ಲ. ಎಲೆಕ್ಟ್ರಾನ್‌ಗಳು 2, 8, 14, 2 ಅಂತ ಕೂತಿವೆ. ಕಬ್ಬಿಣ ಕೆಲವೊಮ್ಮೆ ಎರಡು ಕೊಡುತ್ತದೆ, ಕೆಲವೊಮ್ಮೆ ಒಳಗಿನ ಸುತ್ತಿನಿಂದ ಇನ್ನೊಂದನ್ನು ಸೇರಿಸಿ ಮೂರು. ಅದಕ್ಕೇ ಕಬ್ಬಿಣಕ್ಕೆ ಕಪ್ಪು ಆಕ್ಸೈಡೂ ಇದೆ, ಕೆಂಪು ಆಕ್ಸೈಡೂ ಇದೆ. ಹತ್ತನೇ ಕ್ಲಾಸಿಗೆ ಇಷ್ಟು ಸಾಕು.

ಈಗ ಅಸಲು ವಿಷಯ. ಕ್ರಿಯೆ ಎಷ್ಟು ಜೋರು ಅನ್ನುವುದು ಒಂದು. ಕ್ರಿಯೆ ಆದ ಮೇಲೆ ಹುಟ್ಟಿದ ವಸ್ತು ಎಲ್ಲಿ ಹೋಗುತ್ತದೆ ಅನ್ನುವುದು ಇನ್ನೊಂದು. ಪಟ್ಟಿ ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಅಲ್ಯೂಮಿನಿಯಂ ಕತ್ತರಿಸಿದ ಕ್ಷಣವೇ ಆ ಹೊಸ ಮುಖದ ಮೇಲೆ ಆಕ್ಸೈಡಿನ ಪೊರೆ ಕೂರುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್, ಕಣ್ಣಿಗೆ ಕಾಣುವುದಿಲ್ಲ. ಲೋಹಕ್ಕಿಂತ ಅದರ ಆಕ್ಸೈಡ್ ಸ್ವಲ್ಪವೇ ಹೆಚ್ಚು ಜಾಗ ಹಿಡಿಯುತ್ತದೆ, ಸುಮಾರು 1.3 ಪಟ್ಟು. ಹಾಗಾಗಿ ಬಿರುಕಿಲ್ಲದೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಳಗಿನ ಲೋಹಕ್ಕೆ ಆಕ್ಸಿಜನ್ ತಲುಪುವುದಿಲ್ಲ, ಕ್ರಿಯೆ ಬಂದ್. ಗೀರಿದರೆ ಮತ್ತೆ ಅಲ್ಲೇ ಹೊಸ ಪೊರೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ನೀರನ್ನೂ ಹೀರಿಕೊಂಡು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿ ಉಬ್ಬುತ್ತದೆ, ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಉದುರಿದ ಜಾಗದಲ್ಲಿ ಹೊಸ ಕಬ್ಬಿಣ ಗಾಳಿಗೆ ಸಿಗುತ್ತದೆ. ಮುಂಬೈಯ ಹಳೆ ಬಿಲ್ಡಿಂಗ್‌ಗಳಲ್ಲಿ ಛಜ್ಜಾದ, ಅಂದರೆ ಕಿಟಕಿ ಮೇಲಿನ ಸಜ್ಜಾದ, ಸಿಮೆಂಟ್ ಚಕ್ಕೆ ಚಕ್ಕೆಯಾಗಿ ಬಿದ್ದು ಒಳಗಿನ ಸರಳು ಕಾಣುತ್ತದಲ್ಲ, ಅದೂ ಈ ಉಬ್ಬುವಿಕೆಯದೇ ಕೆಲಸ. ಸಿಮೆಂಟನ್ನು ಒಳಗಿಂದ ಒಡೆಯುವಷ್ಟು ಶಕ್ತಿ ಅದಕ್ಕಿದೆ.

ನಮ್ಮ ವರ್ಕ್‌ಶಾಪ್‌ನಲ್ಲಿ ಮಾಡುವುದು ಈ ಪೊರೆಯನ್ನು ಬೇಕೆಂದೇ ದಪ್ಪ ಮಾಡುವ ಕೆಲಸ. ಸಲ್ಫ್ಯೂರಿಕ್ ಆಸಿಡ್ ತೊಟ್ಟಿಯಲ್ಲಿ ಅಲ್ಯೂಮಿನಿಯಂ ತುಂಡನ್ನು ಪ್ಲಸ್‌ಗೆ ಕಟ್ಟಿ ಕರೆಂಟ್ ಬಿಟ್ಟರೆ ಪೊರೆ ಬೆಳೆಯುತ್ತಾ ಹತ್ತು, ಇಪ್ಪತ್ತು ಮೈಕ್ರಾನ್ ಆಗುತ್ತದೆ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್). ತುಕ್ಕು ಹಿಡಿಸುವುದಕ್ಕೇ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುತ್ತೇವೆ ಅಂತ ನಮ್ಮಲ್ಲಿ ತಮಾಷೆ. ಆನೊಡೈಸ್ ಮಾಡಿದ ಫ್ರೇಮ್ ಮನೆಯಲ್ಲಿದ್ದರೆ ಮಲ್ಟಿಮೀಟರನ್ನು ಕರೆಂಟ್ ಹರಿದರೆ ಬೀಪ್ ಅನ್ನುವ ಮೋಡ್‌ಗೆ ಹಾಕಿ, ಅದರ ಎರಡೂ ಮುಳ್ಳನ್ನು ಮೆಲ್ಲಗೆ ಫ್ರೇಮ್ ಮೇಲಿಡಿ. ಬೀಪ್ ಬರುವುದಿಲ್ಲ, ಆಕ್ಸೈಡಿನಲ್ಲಿ ಕರೆಂಟ್ ಹರಿಯುವುದಿಲ್ಲ. ಕಾಣದ ಮೂಲೆಯಲ್ಲಿ ಚಾಕುವಿನಿಂದ ಎರಡು ಕಡೆ ಚೆನ್ನಾಗಿ ಕೆರೆದು ಮುಳ್ಳಿಟ್ಟರೆ ಬೀಪ್ ಬರುತ್ತದೆ. ನಿಮ್ಮದು ಪೌಡರ್ ಕೋಟಿಂಗ್ ಆಗಿದ್ದರೂ ಬೀಪ್ ಬರುವುದಿಲ್ಲ, ಅದು ಬಣ್ಣ, ಆ ಲೆಕ್ಕ ಬೇರೆ.

ಇನ್ನೊಂದು ಪ್ರಯೋಗ ಇದೆ, ಮಗಳಿಗೆ ಖಂಡಿತ ಹಿಡಿಸುತ್ತದೆ. ನಮ್ಮೂರು ಶಿರಸಿ ಕಡೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲೆಲ್ಲ ಮೈಲುತುತ್ತ ಇದ್ದೇ ಇರುತ್ತದೆ. ಇಲ್ಲಿ ಬೇಕಾದರೆ ಕೆಮಿಕಲ್ ಅಂಗಡಿಯಲ್ಲಿ ಕಾಪರ್ ಸಲ್ಫೇಟ್ ಅಂತ ಕೇಳಿ. ಒಂದು ಗಾಜಿನ ಲೋಟದಲ್ಲಿ ಅದರ ನೀಲಿ ನೀರು ಮಾಡಿ. ಒಂದು ಕಬ್ಬಿಣದ ಮೊಳೆ ತಿಕ್ಕಿ ಹಾಕಿದರೆ ನಿಮಿಷಗಳಲ್ಲಿ ಅದರ ಮೇಲೆ ಕಂದು ತಾಮ್ರ ಕೂರುತ್ತದೆ. ಕಬ್ಬಿಣ ಎಲೆಕ್ಟ್ರಾನ್ ಕೊಟ್ಟು ನೀರಿಗಿಳಿಯಿತು, ತಾಮ್ರ ಅದನ್ನು ತೆಗೆದುಕೊಂಡು ಹೊರಬಂತು. ಇನ್ನೊಂದು ಲೋಟದಲ್ಲಿ ಅದೇ ನೀಲಿ ನೀರಿಗೆ ಅಡುಗೆಮನೆಯ ಫಾಯಿಲ್ ಚೂರು ಹಾಕಿ. ಪಟ್ಟಿಯ ಪ್ರಕಾರ ಇಲ್ಲಿ ಇನ್ನೂ ಜೋರಾಗಿ ಆಗಬೇಕು. ಆದರೆ ಫಾಯಿಲ್ ಹೊಳೆಯುತ್ತಾ ಸುಮ್ನೆ ತೇಲುತ್ತಿರುತ್ತದೆ. ಈಗ ಅದಕ್ಕೆ ಒಂದು ಚಮಚ ಉಪ್ಪು ಹಾಕಿ ಕದಡಿ. ನೀಲಿ ಬಣ್ಣ ಹಸಿರಿಗೆ ತಿರುಗುತ್ತದೆ, ಫಾಯಿಲ್‌ನಿಂದ ಗುಳ್ಳೆ ಏಳುತ್ತದೆ, ಅಲ್ಲಲ್ಲಿ ತೂತು ಬೀಳುತ್ತದೆ, ಲೋಟ ಮುಟ್ಟಿದರೆ ಬಿಸಿ, ತಳದಲ್ಲಿ ಕೆಂಪು-ಕಂದು ತಾಮ್ರದ ರಾಡಿ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಮುರಿಯಿತು, ಅಷ್ಟೇ. ಒಳಗೆ ಅಡಗಿದ್ದ ಅಲ್ಯೂಮಿನಿಯಂ ತನ್ನ ಅಸಲು ಬುದ್ಧಿ ತೋರಿಸಿತು. ಮೈಲುತುತ್ತ ವಿಷ, ಹಾಗಾಗಿ ನೀವು ಪಕ್ಕದಲ್ಲಿರಿ, ಕಿಟಕಿ ತೆರೆದಿಡಿ, ಆ ಲೋಟವನ್ನು ಮತ್ತೆ ಅಡುಗೆಮನೆಗೆ ತರಬೇಡಿ.

ಇದೇ ಕ್ಲೋರೈಡ್ ನಿಮ್ಮ ಮನೆಗೆ ಗಾಳಿಯಲ್ಲಿ ಬರುತ್ತಿದೆ. ಮೀರಾ ರೋಡ್ ಅಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಖಾಡಿ, ಅಂದರೆ ಸಮುದ್ರದ ಹಿನ್ನೀರು. ಗ್ರಿಲ್ ಮೇಲೆ ಕೂತ ಉಪ್ಪು ಗಾಳಿಯ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮಳೆ ನಿಂತರೂ ಕಬ್ಬಿಣ ಒಣಗುವುದಿಲ್ಲ. ತುಕ್ಕಿಗೆ ನೀರು, ಆಕ್ಸಿಜನ್ ಎರಡೂ ಬೇಕು, ಉಪ್ಪಿದ್ದರೆ ಆ ನೀರಲ್ಲಿ ಕರೆಂಟ್ ಚೆನ್ನಾಗಿ ಓಡಿ ಕೆಲಸ ಬೇಗ ಆಗುತ್ತದೆ. ಪುಣೆಯಲ್ಲಿರುವ ನನ್ನ ಭಾವನ ಮನೆಯ ಗ್ರಿಲ್ ನಮ್ಮದಕ್ಕಿಂತ ಹಳೆಯದು, ಇನ್ನೂ ಗಟ್ಟಿಯಾಗಿದೆ. ಅಲ್ಲಿ ಸಮುದ್ರ ಇಲ್ಲ.

ಗ್ರಿಲ್ ಬದಲಿಸುವ ಯೋಚನೆ ಇದ್ದರೆ ಜಿಐ ಪೈಪ್ ಕೇಳಿ, ಅಂದರೆ ಸತು ಲೇಪಿಸಿದ್ದು. ಪಟ್ಟಿಯಲ್ಲಿ ಸತು ಕಬ್ಬಿಣಕ್ಕಿಂತ ಮೇಲಿದೆ. ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಎಲೆಕ್ಟ್ರಾನ್ ಕೊಟ್ಟು ಕರಗುವುದು ಅಕ್ಕಪಕ್ಕದ ಸತು, ಕಬ್ಬಿಣ ಉಳಿಯುತ್ತದೆ. ತವರ ಹಾಗೆ ಮಾಡುವುದಿಲ್ಲ, ಅದು ಪಟ್ಟಿಯಲ್ಲಿ ಕಬ್ಬಿಣಕ್ಕಿಂತ ಕೆಳಗೆ. ತವರ ಲೇಪಿಸಿದ ಡಬ್ಬಕ್ಕೆ ಗೀರು ಬಿದ್ದರೆ ಆ ಜಾಗದಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಪಟ್ಟಿ ಬರೀ ಪರೀಕ್ಷೆಗೆ ಅಲ್ಲ ಅಂತ ಮಗಳಿಗೆ ಇಲ್ಲಿ ತೋರಿಸಿ. ಜಿಐ ಪೈಪ್ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಸತು ಸುಟ್ಟುಹೋಗಿರುತ್ತದೆ, ಅಲ್ಲಿ ಜಿಂಕ್ ಪ್ರೈಮರ್ ಹೊಡೆಸಲೇಬೇಕು. ಹಳೆ ಗ್ರಿಲ್ಲೇ ಇಟ್ಟುಕೊಳ್ಳುವುದಾದರೆ ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಪೇಂಟ್. ಉಪ್ಪು ತೊಳೆಯದೆ ಮೇಲೆ ಪೇಂಟ್ ಬಳಿದರೆ ದುಡ್ಡು ದಂಡ.

ಅಲ್ಯೂಮಿನಿಯಂ ಅಮರ ಅಂತಲೂ ತಿಳಿಯಬೇಡಿ. ಆ ಪೊರೆ ಹುಳಿಗೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಹುಣಸೆಹಣ್ಣಿನ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬೇಡಿ ಅಂತ ಅಮ್ಮಂದಿರು ಹೇಳುವುದು ಇದಕ್ಕೇ. ಕಾಸ್ಟಿಕ್ ಸೋಡಾ ಇರುವ ಡ್ರೈನ್ ಕ್ಲೀನರ್ ಬಿದ್ದರಂತೂ ಲೋಹವೇ ಕರಗಿ ಹೈಡ್ರೋಜನ್ ಬರುತ್ತದೆ, ಕಿಟಕಿಯ ಟ್ರ್ಯಾಕ್ ಅದರಿಂದ ತೊಳೆಯಬೇಡಿ.

ಕೊನೆಗೆ, ನೀವು ಹಾಕಿದ ಫೋಟೋದಲ್ಲಿ ಸ್ಲೈಡಿಂಗ್ ಫ್ರೇಮ್‌ನ ಸ್ಕ್ರೂ ಸುತ್ತ ಬಿಳಿ ಪುಡಿ ಕಾಣುತ್ತಿದೆ. ಅದು ಧೂಳಲ್ಲ, ಅಲ್ಯೂಮಿನಿಯಂ ತುಕ್ಕು. ಬೇರೆ ಲೋಹದ ಸ್ಕ್ರೂ ಅಲ್ಯೂಮಿನಿಯಂಗೆ ತಾಗಿ, ನಡುವೆ ಉಪ್ಪುನೀರು ನಿಂತಿದೆ, ಪಟ್ಟಿಯಲ್ಲಿ ಮೇಲಿರುವ ಅಲ್ಯೂಮಿನಿಯಂ ಕರಗುತ್ತಿದೆ. ಮಳೆಗಾಲಕ್ಕೆ ಮೊದಲು ಆ ಸ್ಕ್ರೂಗಳನ್ನು ಬಿಚ್ಚಿಸಿ, ಜಾಗ ತೊಳೆದು, ನೈಲಾನ್ ವಾಷರ್ ಹಾಕಿ ಸ್ಟೇನ್‌ಲೆಸ್ ಸ್ಕ್ರೂ ಕೂರಿಸಿ. ಫ್ಯಾಬ್ರಿಕೇಟರ್ ವಾಷರ್ ಎಲ್ಲ ಬೇಡ ಅಂದೇ ಅನ್ನುತ್ತಾನೆ. ಹಾರ್ಡ್‌ವೇರ್ ಅಂಗಡಿಯಿಂದ ನೀವೇ ತಂದು ಅವನ ಕೈಗೆ ಕೊಡಿ.