ಹೂವಿನ ಸಾರದ ಹನಿಗಳು ಮತ್ತು ಮನಸ್ಸಿನ ಸಮತೋಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾವನವರು ತೀರಿಕೊಂಡ ಮೇಲೆ ಅತ್ತೆಯವರ ಮಾತು ಕಡಿಮೆಯಾಗಿದೆ. ಅರ್ಧ ಊಟಕ್ಕೇ ಏಳುತ್ತಾರೆ, ನಡುರಾತ್ರಿ ಎದ್ದು ಬಂದು ಜಗಲಿಯಲ್ಲಿ ಕುಳಿತಿರುತ್ತಾರೆ. ವೈದ್ಯರು ಖಿನ್ನತೆಗೆಂದು ಮಾತ್ರೆ ಕೊಟ್ಟಿದ್ದಾರೆ. ಈಚೆಗೆ ಮಂಗಳೂರಿನ ಬಂಧುವೊಬ್ಬರು ‘ಸ್ಟಾರ್ ಆಫ್ ಬೆತ್ಲೆಹೆಮ್’ ಮತ್ತು ‘ಹನಿಸಕಲ್’ ಎಂಬ ಹೂವಿನ ಸಾರದ ಎರಡು ಸೀಸೆಗಳನ್ನು ತಂದುಕೊಟ್ಟರು. ಇದಕ್ಕೆ ಅಡ್ಡಪರಿಣಾಮವಿಲ್ಲವಂತೆ, ಇನ್ನು ಮಾತ್ರೆ ಬೇಡ ಎಂದು ಅತ್ತೆಯವರು ಹಟ ಹಿಡಿದಿದ್ದಾರೆ. ಏನು ಮಾಡಲಿ?
– ಓರ್ವ ಗೃಹಿಣಿ, ಬದಿಯಡ್ಕ

ಉತ್ತರ: ಮಾತ್ರೆಯನ್ನು ನಿಲ್ಲಿಸಲು ಬಿಡಬೇಡಿ, ಉಳಿದುದೆಲ್ಲ ಆಮೇಲಿನ ಮಾತು. ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ, ನಿದ್ರಾಭಂಗಗಳು ಕಾಣಿಸಿಕೊಳ್ಳಬಹುದು, ತಗ್ಗಿದ್ದ ಖಿನ್ನತೆ ಮರುಕಳಿಸಲೂಬಹುದು. ಬಿಡಲೇಬೇಕೆಂದಿದ್ದರೆ ಅದನ್ನು ಬರೆದುಕೊಟ್ಟ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು.

ಇನ್ನು ಆ ಸೀಸೆಗಳ ವಿಚಾರ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಬಾಕ್ (1886–1936) ಬ್ಯಾಕ್ಟೀರಿಯಾಗಳ ಅಧ್ಯಯನದಲ್ಲಿ ಹೆಸರು ಮಾಡಿದ್ದವರು. 1930ರಲ್ಲಿ ಲಂಡನ್ನಿನ ವೃತ್ತಿಯನ್ನು ತೊರೆದು ಹಳ್ಳಿಗಾಡಿನ ಹೂಗಳ ಬೆನ್ನು ಹತ್ತಿ, ಒಂದೊಂದು ಹೂವಿಗೂ ಒಂದೊಂದು ಮನಃಸ್ಥಿತಿಯನ್ನು ಜೋಡಿಸಿ, ಒಟ್ಟು 38 ಸಾರಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಅವುಗಳಲ್ಲಿ ಒಂದು ಬರಿಯ ಒರತೆಯ ನೀರು. ನಿಮ್ಮ ಮನೆಗೆ ಬಂದಿರುವ ಎರಡರಲ್ಲಿ ಮೊದಲನೆಯದನ್ನು ಆಘಾತ ಮತ್ತು ಅಗಲಿಕೆಯ ನೋವಿಗೆ, ಎರಡನೆಯದನ್ನು ಕಳೆದ ದಿನಗಳಲ್ಲೇ ಮನಸ್ಸು ಸಿಲುಕಿಕೊಂಡವರಿಗೆ ಹೇಳಿದ್ದಾರೆ. ನಿಮ್ಮ ಬಂಧುಗಳು ಪಟ್ಟಿಯನ್ನು ಸರಿಯಾಗಿಯೇ ಓದಿದ್ದಾರೆ ಎನ್ನಬೇಕು.

ಆದರೆ ಆ ಹನಿಯಲ್ಲಿ ಇರುವುದೇನು? ಒರತೆಯ ನೀರು ತುಂಬಿದ ಗಾಜಿನ ಬೋಗುಣಿಯಲ್ಲಿ ಹೂಗಳನ್ನು ತೇಲಬಿಟ್ಟು ಸುಮಾರು ಮೂರು ಗಂಟೆ ಬಿಸಿಲಿಗಿಡುತ್ತಾರೆ, ಗಟ್ಟಿ ಜಾತಿಯ ಹೂ-ರೆಂಬೆಗಳಾದರೆ ಅರ್ಧ ಗಂಟೆ ಕುದಿಸುತ್ತಾರೆ. ಆ ನೀರಿಗೆ ಅಷ್ಟೇ ಬ್ರಾಂಡಿ ಸೇರಿಸಿದರೆ ಮೂಲದ್ರಾವಣವಾಯಿತು. ಅದರ ಎರಡು ಹನಿಯನ್ನು 30 ಮಿಲಿಲೀಟರ್ ಬ್ರಾಂಡಿಗೆ ಬೆರೆಸಿದ್ದು ಅಂಗಡಿಯ ಸೀಸೆ. ಅದರಿಂದ ಮತ್ತೆ ಎರಡು ಹನಿಯನ್ನು 30 ಮಿಲಿಲೀಟರ್ ನೀರಿಗೆ ಬೆರೆಸಿ, ಸಲಕ್ಕೆ ನಾಲ್ಕು ಹನಿಯಂತೆ ದಿನಕ್ಕೆ ನಾಲ್ಕು ಸಲ ಸೇವಿಸುವುದು ರೂಢಿ. ಮಿಲಿಲೀಟರಿಗೆ 20 ಹನಿ ಎಂದು ಹಿಡಿದು ಲೆಕ್ಕ ಹಾಕಿದರೆ, ಕೊನೆಗೆ ನಾಲಗೆಗೆ ಬೀಳುವುದರಲ್ಲಿ ಮೂಲದ್ರಾವಣದ ಪಾಲು ಸುಮಾರು 90 ಸಾವಿರಕ್ಕೆ ಒಂದು. ಹೂವಿನ ‘ಚೈತನ್ಯ’ ನೀರಿಗೆ ಇಳಿದಿರುತ್ತದೆ ಎಂಬುದು ಬಾಕ್ ಅವರ ನಂಬಿಕೆಯಾಗಿತ್ತು. ಅದನ್ನು ಅಳೆದು ತೋರಿಸಿದವರು ಇಲ್ಲ. ಈ ಸಾರಗಳ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರ್ಯಾಯ ಚಿಕಿತ್ಸೆಗಳ ಸಂಶೋಧಕ ಎಡ್ಜಾರ್ಡ್ ಎರ್ನ್ಸ್ಟ್ 2010ರಲ್ಲಿ ನಡೆಸಿದ ವಿಮರ್ಶೆಯು, ಇವುಗಳ ಫಲ ಹುಸಿಮದ್ದಿನ (ಮದ್ದೆಂದು ಕೊಡುವ, ಆದರೆ ಮದ್ದಿನ ಅಂಶವಿಲ್ಲದ ಹನಿಯ) ಫಲಕ್ಕಿಂತ ಹೆಚ್ಚಿನದಲ್ಲ ಎಂಬ ತೀರ್ಮಾನಕ್ಕೆ ಬಂದಿತು.

ಹಾಗಾದರೆ ಕೆಲವರಿಗೆ ಗುಣ ಕಂಡದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳೆಂದು ನಾನು ಹೇಳಲಾರೆ. ದಿನಕ್ಕೆ ನಾಲ್ಕು ಸಲ ಸೊಸೆಯೋ ಮೊಮ್ಮಗಳೋ ಲೋಟ ಹಿಡಿದು ಬಳಿಗೆ ಬಂದು, ಪಕ್ಕದಲ್ಲಿ ಕುಳಿತು, ನಿನ್ನೆ ನಿದ್ದೆ ಬಂತೇ ಎಂದು ವಿಚಾರಿಸುವ ಮನೆಯಲ್ಲಿ ಮುದುಕರ ದುಗುಡ ತುಸು ಇಳಿಯುವುದು ಸಹಜವೇ. ಅಗಲಿಕೆಯ ದುಃಖವೂ ತಿಂಗಳುಗಳು ಉರುಳಿದಂತೆ ಬಹುಮಂದಿಯಲ್ಲಿ ತಾನಾಗಿ ಮೆತ್ತಗಾಗುತ್ತದೆ, ಆ ಕೀರ್ತಿ ಆಗ ಕೈಯಲ್ಲಿದ್ದ ಸೀಸೆಗೆ ಹೋಗುತ್ತದೆ. ಆದ್ದರಿಂದ ಅತ್ತೆಯವರಿಗೆ ಹನಿಗಳು ಬೇಕೇ ಬೇಕೆಂದಾದರೆ ಮಾತ್ರೆಯ ಜೊತೆಗೆ ತೆಗೆದುಕೊಳ್ಳಲಿ, ವೈದ್ಯರಿಗೆ ಅದನ್ನು ತಿಳಿಸಿಡಿ. ಸೀಸೆಯ ಚೀಟಿಯನ್ನೂ ಒಮ್ಮೆ ಓದಿ ಹೇಳಿ. ಮಡಿ-ಮೈಲಿಗೆ ನೋಡುವ ಹಿರಿಯರಿಗೆ ಬ್ರಾಂಡಿಯ ಸಂಗತಿಯನ್ನು ಮುಚ್ಚಿಟ್ಟು ಕುಡಿಸುವುದು ನ್ಯಾಯವಲ್ಲ. ಗ್ಲಿಸರಿನ್‌ನಲ್ಲಿ ತಯಾರಿಸಿದ್ದೂ ಸಿಗುತ್ತದೆ. ಮನೆಯಲ್ಲಿ ಯಾರಾದರೂ ಕುಡಿತ ಬಿಡಲು ಡೈಸಲ್ಫಿರಾಂ ಮಾತ್ರೆ ಸೇವಿಸುತ್ತಿದ್ದರೆ ಬ್ರಾಂಡಿಯ ಸೀಸೆ ಅವರ ಕೈಗೆ ಸಿಗಬಾರದು.

ಅತ್ತೆಯವರ ಥೈರಾಯ್ಡ್, ರಕ್ತಹೀನತೆ ಮತ್ತು ಬಿ12 ಜೀವಸತ್ವವನ್ನು ಪರೀಕ್ಷಿಸಿಲ್ಲವಾದರೆ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಇವುಗಳ ತೊಂದರೆ ಖಿನ್ನತೆಯ ವೇಷದಲ್ಲೇ ಬರುವುದುಂಟು. ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಾಯಿಂದ ಬಂದರೆ ಅದನ್ನು ಮುದಿತನದ ಗೊಣಗಾಟವೆಂದು ತಳ್ಳಿಹಾಕದೆ ಅಂದೇ ವೈದ್ಯರನ್ನು ಕಾಣಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವ ಸೌಲಭ್ಯವಿದೆ.

ಪ್ರಶ್ನೆ: ಕನ್ನಡ ಬಲ್ಲವರ ಹುದ್ದೆಗಾಗಿ ಕೇರಳ ಲೋಕಸೇವಾ ಆಯೋಗದ (ಪಿ.ಎಸ್‌.ಸಿ.) ಪರೀಕ್ಷೆ ಬರೆಯಲಿದ್ದೇನೆ. ಪರೀಕ್ಷೆಯ ಕೊಠಡಿಯಲ್ಲಿ ಕೈ ನಡುಗುತ್ತದೆ. ‘ರೆಸ್ಕ್ಯೂ ರೆಮಿಡಿ’ ಸಹಾಯವಾದೀತೇ?
– ಓರ್ವ ಉದ್ಯೋಗಾಕಾಂಕ್ಷಿ, ಕುಂಬಳೆ

ಉತ್ತರ: ಅದು ರಾಕ್ ರೋಸ್, ಇಂಪೇಷನ್ಸ್, ಕ್ಲೆಮೆಟಿಸ್, ಚೆರಿ ಪ್ಲಮ್ ಮತ್ತು ಸ್ಟಾರ್ ಆಫ್ ಬೆತ್ಲೆಹೆಮ್ ಎಂಬ ಐದು ಸಾರಗಳ ಮಿಶ್ರಣ. ಪರೀಕ್ಷೆಯ ಭಯದ ಮೇಲೆಯೇ ಇಂಥ ಹನಿಗಳ ಪ್ರಯೋಗ ನಡೆದಿದ್ದು, ಅಲ್ಲಿಯೂ ಹುಸಿಮದ್ದನ್ನು ಮೀರಿದ ಫಲ ಕಂಡುಬಂದಿಲ್ಲ. ಆ ಹಣವನ್ನು ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹಕ್ಕೆ ಹಾಕಿ, ಗಡಿಯಾರ ಎದುರಿಗಿಟ್ಟುಕೊಂಡು ಉತ್ತರಿಸುವ ಅಭ್ಯಾಸ ಮಾಡುವುದು ಲೇಸು. ಕೊಠಡಿಯಲ್ಲಿ ಕೈ ನಡುಗತೊಡಗಿದಾಗ ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಕೆಲವು ಸಲ ಮಾಡಿ ನೋಡಿ, ಎದೆಬಡಿತ ಇಳಿಯುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಹೂಗಳಿಗೆ ಬರವಿಲ್ಲ. ಪರದೇಶದ ಸೀಸೆಗೆ ದುಡ್ಡು ಕೊಡುವ ಬದಲು ನಾವೇ ಸಾರ ತಯಾರಿಸಿಕೊಳ್ಳಬಾರದೇ?
– ಓರ್ವ ಕೃಷಿಕರು, ಮುಳ್ಳೇರಿಯ

ಉತ್ತರ: ನಿಮ್ಮ ಆಲೋಚನೆಯಲ್ಲಿ ಒಂದು ಸ್ವಾರಸ್ಯವಿದೆ. ಬಾಕ್ ಅವರು 1928ರಲ್ಲಿ ಮೊದಲು ತಯಾರಿಸಿದ ಮೂರು ಸಾರಗಳ ಪೈಕಿ ಒಂದಾದ ಇಂಪೇಷನ್ಸ್ ಮೂಲತಃ ಹಿಮಾಲಯದ ಗಿಡ. ನಮ್ಮ ಅಂಗಳದ ಕರ್ಣಕುಂಡಲದ ಬಳಗಕ್ಕೆ ಸೇರಿದ್ದು. ತಾಳ್ಮೆಗೆಟ್ಟವರಿಗೆ ಅದನ್ನು ಹೇಳಿದ್ದಾರೆ. ಮೂರು ಗಂಟೆಯ ನಿರ್ಮಲ ಬಿಸಿಲು ಬೇಕೆಂಬ ಅವರ ನಿಯಮವನ್ನು ನಮ್ಮ ಆಟಿಯ ಮಳೆಯಲ್ಲಿ ಪಾಲಿಸಹೊರಟರೆ ತಾಳ್ಮೆಯ ಪರೀಕ್ಷೆಯೂ ಆದೀತು!

ಆದರೆ ಹೂವೆಂದಮಾತ್ರಕ್ಕೆ ಅದು ಸೌಮ್ಯವೆಂದು ತಿಳಿಯಬಾರದು. ಕಣಗಿಲೆಯಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ. ಮಲಯಾಳದಲ್ಲಿ ಅರಳಿ ಎಂದು ಕರೆಯುವ ಈ ಹೂವನ್ನು 2024ರ ಮೇ ತಿಂಗಳಲ್ಲಿ ತಿರುವಾಂಕೂರು ದೇವಸ್ವಂ ಮಂಡಳಿಯು ನೈವೇದ್ಯ ಮತ್ತು ಪ್ರಸಾದಗಳಿಂದ ಕೈಬಿಡಿಸಿತು. ಉಮ್ಮತ್ತಿ ಹೂವಿನಿಂದ ಬಾಯಿ ಒಣಗಿ ಬುದ್ಧಿಭ್ರಮಣೆಯಾಗುತ್ತದೆ. ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗಿಡವೆಲ್ಲ ವಿಷ, ಗಡ್ಡೆಯಂತೂ ಪ್ರಾಣಾಂತಿಕ. ಬಾಕ್ ಅವರ ಲೆಕ್ಕದಂತೆ ತೆಳುಮಾಡದೆ, ಹೂ ನೆನೆಸಿದ ನೀರನ್ನೇ ಲೋಟಗಟ್ಟಲೆ ಕುಡಿದರೆ ಅದು ಸಾರವಾಗದೆ ಕಷಾಯವಾಗುತ್ತದೆ. ಅಡಕೆಗೆ ಮದ್ದು ಬಿಟ್ಟ ತೋಟದಲ್ಲಿ ಬುಡದ ಹೂಗಳ ಮೇಲೆಲ್ಲ ಮೈಲುತುತ್ತ ಬೆರೆತ ಬೋರ್ಡೋ ದ್ರಾವಣದ ನೀಲಿ ಹನಿಗಳು ಒಣಗಿ ಕುಳಿತಿರುವುದನ್ನು ನೀವೇ ಕಂಡಿರುತ್ತೀರಿ. ಅಂಥ ಹೂವಿನ ನೀರನ್ನು ಕುಡಿಯುವುದೆಂದರೆ ಮೈಲುತುತ್ತವನ್ನು ಕುಡಿದಂತೆಯೇ. ಹೂ ಬಿಡಿಸುವ ಕೆಲಸ ಮನಸ್ಸಿಗೆ ಹಿತವೆನಿಸಿದರೆ ಬಿಡಿಸಿ ದೇವರಿಗೆ ಇಡಿ, ಮಾಲೆ ಕಟ್ಟಿ. ಕುಡಿಯುವ ಗೊಡವೆ ಬೇಡ.

ಪ್ರಶ್ನೆ: ಹೂವಿನ ಸಾರವೂ ಸುಗಂಧ ತೈಲವೂ ಒಂದೇ ಏನು? ಎರಡನ್ನೂ ಅದೇ ಗಾತ್ರದ ಕಂದು ಸೀಸೆಯಲ್ಲಿ ಮಾರುತ್ತಾರೆ.
– ಓರ್ವ ಓದುಗರು, ಉಪ್ಪಳ

ಉತ್ತರ: ಒಂದೇ ಅಲ್ಲ, ಅದಲುಬದಲಾದರೆ ಅಪಾಯ. ಸಾರದಲ್ಲಿ ಹೂವಿನ ಪರಿಮಳವಿರುವುದಿಲ್ಲ, ಬ್ರಾಂಡಿಯ ವಾಸನೆಯಷ್ಟೇ ಇರುತ್ತದೆ. ಸುಗಂಧ ತೈಲವಾದರೋ ಭಟ್ಟಿ ಇಳಿಸಿದ ಗಾಢ ದ್ರವ್ಯ, ಮೂಸುವುದಕ್ಕೂ ಬೇರೆ ಎಣ್ಣೆಯಲ್ಲಿ ಬೆರೆಸಿ ಮೈಗೆ ಹಚ್ಚುವುದಕ್ಕೂ ಇರುವಂಥದು. ನೀಲಗಿರಿ ತೈಲ, ಕರ್ಪೂರದ ಎಣ್ಣೆಗಳು ಅಲ್ಪ ಪ್ರಮಾಣದಲ್ಲಿ ಹೊಟ್ಟೆ ಸೇರಿದರೂ ಮಕ್ಕಳಿಗೆ ಸೆಳವು ಬರಬಹುದು. ಎರಡು ಬಗೆಯ ಸೀಸೆಗಳನ್ನೂ ಬೇರೆ ಬೇರೆ ಕಪಾಟಿನಲ್ಲಿ, ಮಕ್ಕಳ ಕೈಗೆ ಎಟಕದಷ್ಟು ಎತ್ತರದಲ್ಲಿಡಿ. ಮಗು ತೈಲವನ್ನು ನುಂಗಿದರೆ ವಾಂತಿ ಮಾಡಿಸಲು ಹೋಗದೆ ಸೀಸೆಯ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ.