ಅಜ್ಜ ತೀರಿಕೊಂಡ ಮೇಲೆ ಮಗಳಿಗೆ ‘ಕೊಕೊ’ ತೋರಿಸಬಹುದಾ?

ಮಾವನವರು ಹೋಗಿ ಮೂರು ತಿಂಗಳಾಯಿತು, ಎಂಟು ವರ್ಷದ ಮಗಳು ‘ತಾತ ಈಗ ಎಲ್ಲಿದ್ದಾರೆ’ ಎಂದು ಕೇಳುತ್ತಲೇ ಇದ್ದಾಳೆ, ‘ಕೊಕೊ’ ಸಿನಿಮಾ ತೋರಿಸಲಾ ಎಂದಿದ್ದೀರಿ. ತೋರಿಸಿ ಮೇಡಂ. ಮೊದಲು ನೀವೊಬ್ಬರೇ ಒಂದು ಸಲ ನೋಡಿಬಿಡಿ.

ಇದರಲ್ಲಿ ಸತ್ತವರೆಲ್ಲ ಅಸ್ಥಿಪಂಜರಗಳು. ಹೆದರುತ್ತಾಳೇನೋ ಅಂತ ಚಿಂತೆ ಬೇಡ, ಅವು ನಗಿಸುತ್ತವೆ. ವಿಷ ಹಾಕುವ ಒಂದು ದೃಶ್ಯವಿದೆ, ಆಗ ಪಕ್ಕದಲ್ಲೇ ಇರಿ.

2017ರ ಈ ಚಿತ್ರ ಮೆಕ್ಸಿಕೋದವರ ಸತ್ತವರ ಹಬ್ಬದ ಕತೆ. ನವೆಂಬರ್ 1, 2ಕ್ಕೆ ಅವರು ಹಿರಿಯರ ಫೋಟೋ ಇಟ್ಟು, ಚೆಂಡು ಹೂ ಹಾಕಿ, ಇಷ್ಟದ ಅಡುಗೆ ಬಡಿಸುತ್ತಾರೆ. ನಮ್ಮ ಪಿತೃಪಕ್ಷದ ಎಡೆಯೇ ಅಲ್ವಾ! ಚಿತ್ರದಲ್ಲಿ ಸತ್ತವರ ಲೋಕದಿಂದ ಇಲ್ಲಿಗೆ ಬರಲು ಆ ಹೂವಿನ ಎಸಳುಗಳದೇ ಸೇತುವೆ. ಫೋಟೋ ಇಡದಿದ್ದರೆ ಸತ್ತವರು ದಾಟಿ ಬರುವಂತಿಲ್ಲ. ಬದುಕಿರುವವರಲ್ಲಿ ಯಾರಿಗೂ ನೆನಪಿಲ್ಲದವರು ಅಲ್ಲಿಂದಲೂ ಮಾಯ. ನನಗೆ ಗಂಟಲು ಕಟ್ಟಿದ್ದು ಅಲ್ಲೇ. ನಮ್ಮ ಹಳೇ ಸಿನಿಮಾಗಳ ಯಮಲೋಕದಲ್ಲಿ ಲೆಕ್ಕ, ಶಿಕ್ಷೆ, ಕಾಮಿಡಿ ಜಾಸ್ತಿ. ಇಲ್ಲಿ ಲೆಕ್ಕ ನೋಡುವ ಚಿತ್ರಗುಪ್ತ ಇಲ್ಲ.

ಒಂದೇ ಎಚ್ಚರ. ‘ಮರೆತರೆ ತಾತ ಮಾಯವಾಗ್ತಾರಾ’ ಎಂದು ಮಗು ಗಾಬರಿಯಾಗಬಹುದು. ಇದು ಒಬ್ಬರು ಕಟ್ಟಿದ ಕತೆ ಅಂತ ಸುಮ್ನೆ ನೇರವಾಗಿ ಹೇಳಿ. ತಾತ ಎಲ್ಲಿದ್ದಾರೆ ಅನ್ನೋದಕ್ಕೆ ‘ನಂಗೂ ಗೊತ್ತಿಲ್ಲ ಪುಟ್ಟಿ’ ಎಂದರೂ ತಪ್ಪಿಲ್ಲ.

ನಾವು ಸಕಲೇಶಪುರದ ಕಡೆಯವರು. ನನ್ನ ಅಮ್ಮ ತೀರಿಕೊಂಡ ವರ್ಷ ಮಗನಿಗೆ ಇದನ್ನೇ ತೋರಿಸಿದ್ದೆ. ಆಮೇಲೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಅವನೇ ಓಡಿ ಬಂದು ಎರಡು ಕಡುಬು ಜಾಸ್ತಿ ಇಟ್ಟ. ‘ಅಜ್ಜಿಗೆ ಬಿಸಿ ಇರಬೇಕು’ ಅಂತ ಮುಚ್ಚಳವನ್ನೂ ಮುಚ್ಚಿದ.